ಭಂಡಾರ ಉಂಡ ಗಾಡಿ

ನಾಗಣಸೂರಿನ ಅಮೋಗಸಿದ್ಧ ಮಹಾರಾಷ್ಟ್ರದ ಸರ್ಕಾರಿ ಎಸ್‌ಟಿ ಬಸ್ಸಿನ ಕಂಡಕ್ಟರ್. ಅಕ್ಕಲಕೋಟದಿಂದ ಸೊಲ್ಲಾಪುರ, ಸೊಲ್ಲಾಪುರದಿಂದ ಅಕ್ಕಲಕೋಟ; ದಿನ ಬೆಳಗಾದರೆ ಅದೇ ದಾರಿ. ಆದರೂ ಆ ದಾರಿಯನ್ನು ಅವನು ನೆಟ್ಟಗೆ ನೋಡಿರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ದಾರಿ ನೋಡುವ ಭಾಗ್ಯ ಡ್ರೈವರನದು. ಕಂಡಕ್ಟರನ ಪಾಲಿಗೆ ಬರುವುದು ಜನರ ಮುಖ, ಅವರ ಕಾಲಡಿಯ ಗಂಟು, ಚಿಲ್ಲರೆ ಕೇಳಿದೊಡನೆ ಕಿಟಕಿಯ ಕಡೆ ತಿರುಗುವ ಕಣ್ಣು. ನಡುವಿನ ಊರು ವಳಸಂಗ ಬಂತೆಂದು ಅವನಿಗೆ ಗೊತ್ತಾಗುತ್ತಿದ್ದದ್ದು ಇಳಿಯುವವರ ನೂಕಾಟದಿಂದ.

ಅದಕ್ಕೇ ಇರಬೇಕು, ತೊಂಬತ್ತಾರರ ದೀಪಾವಳಿಯ ಹೊತ್ತಿಗೆ ಸೊಲ್ಲಾಪುರದ ಒಬ್ಬ ಫೋಟೋಗ್ರಾಫರ್ ತನ್ನ ಹಳೆಯ ಮೋಟಾರ್‌ಸೈಕಲ್ ಮಾರುತ್ತಾನೆಂದು ಕಿವಿಗೆ ಬಿದ್ದದ್ದೇ ತಡ, ಅಮೋಗಸಿದ್ಧ ಅವನ ಬಾಗಿಲಿಗೆ ಹೋಗಿ ನಿಂತ. ಎಲ್ಲರ ಮನೆಯಲ್ಲಿರುವಂಥ ಗಾಡಿ ಅದಲ್ಲ. ಮೇಲೆದ್ದ ಅಗಲವಾದ ಹ್ಯಾಂಡಲ್, ಪುಟ್ಟ ಪೆಟ್ರೋಲ್ ಟಾಕಿ, ಓಡಿಸುವವನು ಕೂರುವಲ್ಲಿ ತಗ್ಗಾಗಿ ಹಿಂದೆ ಏರಿದ ಸೀಟು, ಹಿಂದಿನವರು ಬೆನ್ನು ಆನಿಸಲು ಒಂದು ಕಂಬಿ. ಎಂಜಿನ್ ಮಾತ್ರ ಒಂದೇ ಸಿಲಿಂಡರಿನ ಸಣ್ಣದು. ನೋಟಕ್ಕೆ ದೊಡ್ಡ ಸಾಹುಕಾರ, ಶಕ್ತಿಗೆ ನಮ್ಮ ನಿಮ್ಮಂಥವನೇ.

ಮೊದಲ ದಿನ ಅದು ಅವನನ್ನು ಚೆನ್ನಾಗಿಯೇ ಆಡಿಸಿತು. ಸೊಲ್ಲಾಪುರದ ಸಂದಣಿಯಲ್ಲಿ ನಿಧಾನವಾಗಿ ಹೋದರೆ ಮುಂದಿನ ಗಾಲಿ ಅತ್ತಿತ್ತ ಹೊಯ್ದಾಡುತ್ತಿತ್ತು. ತಿರುವಿನಲ್ಲಿ ಹ್ಯಾಂಡಲ್ ಹಿಡಿದರೆ ಟಗರಿನ ಕೊಂಬು ಹಿಡಿದಂತಾಗುತ್ತಿತ್ತು. ಎದುರಿನಿಂದ ಬಂದ ರಿಕ್ಷಾದವನು ಮರಾಠಿಯಲ್ಲಿ ಬೈದೂ ಬೈದ. ಆದರೆ ಊರು ದಾಟಿ ಬಯಲಿಗೆ ಬಿದ್ದಿತೋ ಇಲ್ಲವೋ, ಗಾಡಿಯ ಗುಣವೇ ಬೇರೆಯಾಯಿತು. ಕಾಲು ಮುಂದೆ ಚಾಚಿ, ಎದೆಗೆ ಗಾಳಿ ಕೊಟ್ಟು ಕುಳಿತವನಿಗೆ ಅವಸರವೆಂಬುದೇ ಮರೆತುಹೋಯಿತು. ಜೋಳದ ಹೊಲ, ಬೇವಿನ ಮರಗಳು, ಬಾವಿಯ ಕಟ್ಟೆ ಎಲ್ಲವೂ ಎದುರಿನಿಂದ ಬರುತ್ತಿದ್ದವು. ಇಷ್ಟು ವರ್ಷ ಅವು ಪಕ್ಕದ ಕಿಟಕಿಯಲ್ಲಿ ಹಿಂದೆ ಹೋಗುವುದನ್ನಷ್ಟೇ ಕಂಡಿದ್ದ. ವಳಸಂಗದ ಹತ್ತಿರ ಗಾಡಿ ನಿಲ್ಲಿಸಿ, ಕಾರಣವಿಲ್ಲದೆ ಒಬ್ಬನೇ ನಕ್ಕ. ಬೆನ್ನು ನೋಯುತ್ತಿತ್ತು, ರಾತ್ರಿ ರೊಟ್ಟಿ ಮುರಿಯುವಾಗಲೂ ಅಂಗೈಯಲ್ಲಿ ಎಂಜಿನ್ನಿನ ನಡುಕ ಉಳಿದಿತ್ತು. ಅಷ್ಟು ಸುಖ ಅವನಿಗೆ ಮದುವೆಯಲ್ಲೂ ಆಗಿರಲಿಲ್ಲ. ಹೆಂಡತಿ ರೂಪಾಲಿಗೆ ಮಾತ್ರ ಅದನ್ನು ಹೇಳಲಿಲ್ಲ.

ಊರಿನವರು ಗಾಡಿಗೆ ಮರಿಬುಲೆಟ್ ಎಂದು ಹೆಸರಿಟ್ಟರು. ಕುರಿಯವರ ಮನೆಯಲ್ಲಿ ಇನ್ನೇನು ಹೆಸರು ಬಂದೀತು?

ಅವನ ಅಪ್ಪ ಭೀಮಶಾ ಕುರಿ ಕಾಯ್ದು ಬಾಳಿದವನು, ಕುರುಬರ ದೇವರು ಬೀರೋಬನ ಭಕ್ತ. ಹುಲಜಂತಿಯ ಜಾತ್ರೆಯಿಂದ ತಂದ ಭಂಡಾರವನ್ನು, ಎಂದರೆ ದೇವರ ಅರಿಶಿನವನ್ನು, ಗಾಲಿಗೆ, ದೀಪಕ್ಕೆ, ಟಾಕಿಗೆ ಎಲ್ಲ ಹಚ್ಚಿದ. ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೊಸದಾಗಿ ಬಂದ ಜೀವದ ಬಾಯಿಗೆ ಒಂದು ಚಿಟಿಕೆ ಭಂಡಾರ ಹಾಕುವುದು ಆ ಮನೆಯ ಪದ್ಧತಿ. ಕುರಿಮರಿಗೆ, ಸೊಸೆಗೆ, ನಾಯಿಗೆ, ಎಲ್ಲರಿಗೂ ಹಾಕಿದ್ದ. ಗಾಡಿಯ ಬಾಯಿ ಯಾವುದೆಂದು ಮುದುಕ ಸುತ್ತ ತಿರುಗಿ ನೋಡಿದ. ಟಾಕಿಯ ಮುಚ್ಚಳ ತೆಗೆದು ಒಳಗೆ ಹಾಕಿ ಕೈಮುಗಿದ. ಆಮೇಲೆ ಪ್ರತಿ ಅಮಾವಾಸ್ಯೆಗೂ ಅದು ತಪ್ಪಲಿಲ್ಲ.

ಚಳಿಗಾಲ ಕಳೆಯುವಷ್ಟರಲ್ಲಿ ಗಾಡಿ ಕೆಮ್ಮತೊಡಗಿತು. ಅಕ್ಕಲಕೋಟದ ಮೆಕ್ಯಾನಿಕ್ ಕಾಮಣ್ಣ ಕಾರ್ಬ್ಯುರೇಟರ್ ಬಿಚ್ಚಿ, ತಳದಲ್ಲಿ ಕೂತಿದ್ದ ಹಳದಿ ಕೆಸರನ್ನು ಬೆರಳಲ್ಲಿ ತೆಗೆದು ತೋರಿಸಿದ.

"ಇದೇನೋ ಮಾರಾಯಾ, ಪೆಟ್ರೋಲಿಗಿ ಒಗ್ಗರಣಿ ಹಾಕ್ಯಾರೇನು?"

ಅಮೋಗಸಿದ್ಧ ನಾಚಿಕೊಂಡು ವಿಷಯ ಹೇಳಿದ. ಕಾಮಣ್ಣ ನಗಲಿಲ್ಲ. "ಮುದುಕಗ ಬ್ಯಾಡಂತ ಹೇಳು. ಆಗೂದಿಲ್ಲಂದ್ರ ಈ ಕೀಲಿ ಇರೂ ಮುಚ್ಚಳ ಹಾಕು. ಒಂದಿನ ನಡುದಾರ್ಯಾಗ ಕೈ ಕೊಡ್ತದ ನೋಡು," ಎಂದು ಹೊಸ ಮುಚ್ಚಳವೊಂದನ್ನು ಕೈಗಿಟ್ಟ.

ಆ ಮುಚ್ಚಳ ಅಮೋಗಸಿದ್ಧನ ಟ್ರಂಕಿನಲ್ಲೇ ಉಳಿಯಿತು. ದೇವರ ಪ್ರಸಾದ ಹಿಡಿದು ಬರುವ ಅಪ್ಪನ ಎದುರಿಗೆ ಕೀಲಿ ಹಾಕುವುದು ಹೇಗೆ? ಹೊಟ್ಟೆಯಲ್ಲಿ ಹುಟ್ಟಿದ ಮಗ ಹಾಗೆ ಮಾಡಿದರೆ ಮುದುಕ ಅನ್ನ ಬಿಟ್ಟಾನು. ಬಾಯಿಬಿಟ್ಟು ಹೇಳೋಣವೆಂದು ಎಷ್ಟೋ ಸಲ ಹತ್ತಿರ ಹೋದ. ಪ್ರತಿ ಸಲವೂ ಕುರಿಯ ಮಾತೋ ಮಳೆಯ ಮಾತೋ ಆಡಿ ತಿರುಗಿ ಬಂದ. ಕೆಟ್ಟಾಗ ಕಾಮಣ್ಣ ಇದ್ದೇ ಇದ್ದಾನೆ ಎಂದು ಸಮಾಧಾನ ಮಾಡಿಕೊಂಡ. ನಾವೆಲ್ಲ ಹೀಗೆಯೇ, ದೊಡ್ಡವರ ಮನಸ್ಸು ನೋಯಬಾರದೆಂದು ನಮ್ಮ ತಲೆಯ ಮೇಲೆ ನಾವೇ ಕಲ್ಲು ಎಳೆದುಕೊಳ್ಳುವವರು.

ಅವನ ಅವ್ವ ಜನಾಬಾಯಿ ಮಾತ್ರ ಆ ಗಾಡಿ ಹತ್ತಿರಲೇ ಇಲ್ಲ. "ಕುರಿ ಹಿಂದ ನಡದ ಕಾಲು ಇವು. ಅದರ ಮ್ಯಾಲ ಕುಂತ್ರ ಮಂದಿ ನಗ್ತಾರ," ಎಂದು ಪ್ರತಿ ಸಲ ಸೆರಗು ಕೊಡವಿ ಒಳಗೆ ಹೋಗುತ್ತಿದ್ದಳು.

ಮೃಗಶಿರದ ಮಳೆ ಬಿದ್ದ ಮಾರನೆಯ ಬೆಳಗ್ಗೆ ಜನಾಬಾಯಿ ಒಲೆಗೆ ಕುಳ್ಳು ತೆಗೆಯಲು ಬಣವೆಯೊಳಗೆ ಕೈ ಹಾಕಿದಳು. ಹಾವು ಕಚ್ಚಿತು. ಒಳಗೆ ಬಂದು ಕಂಬಕ್ಕೆ ಆನಿ ಕುಳಿತು, "ಹುಳ ಮುಟ್ಟೇದ ನೋಡು," ಎಂದು ಮೆಲ್ಲಗೆ ಹೇಳಿದಳು.

ದವಾಖಾನೆ ಇದ್ದದ್ದು ಅಕ್ಕಲಕೋಟದಲ್ಲಿ. ಊರಿನ ನಡುವೆ ಸಿದ್ದಣ್ಣನ ಜೀಪು ಪ್ಯಾಸೆಂಜರಿಗಾಗಿ ನಿಂತಿತ್ತು. ಕರೆದರೆ ಸಾಕು, ಖಾಲಿ ಮಾಡಿಕೊಂಡು ಬಂದುಬಿಡುತ್ತಿದ್ದ. ರೂಪಾಲಿ ಕರೆಯಲು ಹೊರಟೂ ಹೊರಟಿದ್ದಳು. ಭೀಮಶಾ ತಡೆದ. "ಜೀಪ್ ಯಾಕ? ಮನ್ಯಾಗ ಗಾಡಿ ಅದ. ದೇವರ ಭಂಡಾರ ಉಂಡ ಗಾಡಿ ಅದು, ದಾರ್ಯಾಗ ಕೈ ಬಿಡೂದಿಲ್ಲ."

ಬೇಡ ಎನ್ನಲು ಅಮೋಗಸಿದ್ಧನಿಗೆ ಅದು ಕೊನೆಯ ಅವಕಾಶ. ಹಿಂದಿನ ವಾರವಷ್ಟೇ ಅಮಾವಾಸ್ಯೆ ಆಗಿತ್ತು, ಗಾಡಿ ಎರಡು ದಿನದಿಂದ ಕೆಮ್ಮುತ್ತಿತ್ತು. ಅವನು ಅಪ್ಪನ ಮುಖ ನೋಡಿದ, ಕಿಕ್ ಹೊಡೆದ. ಒಂದೇ ಒದೆತಕ್ಕೆ ಎಂಜಿನ್ ಎದ್ದಿತು. ಭೀಮಶಾ ತನ್ನ ತಲೆಯ ರುಮಾಲು ಬಿಚ್ಚಿ, ಅವ್ವ ಬೀಳದಂತೆ ಮಗನ ಬೆನ್ನಿಗೆ ಬಿಗಿದು ಕಟ್ಟಿದ. ಕುರಿಯವನ ಗಂಟು, ಸುಮ್ಮಸುಮ್ಮನೆ ಬಿಚ್ಚುವಂಥದ್ದಲ್ಲ.

ಊರು ದಾಟಿದ ಮೇಲೆ ಜನಾಬಾಯಿ ಮಗನ ಭುಜದ ಮೇಲೆ ಗದ್ದ ಊರಿದಳು. "ನಿನ್ನ ಬಸ್ಸಿನಾಗ ಇಂಥಾ ಗಾಳಿ ಇಲ್ಲ ನೋಡು," ಎಂದಳು. ಸ್ವಲ್ಪ ದೂರ ಹೋದಮೇಲೆ, "ಕಣ್ಣ ರೆಪ್ಪಿ ಎತ್ತಾಕ ಬರವಲ್ದು, ತಮ್ಮಾ," ಎಂದಳು.

"ಮಾತಾಡು ಯವ್ವಾ. ಸುಮ್ಮ ಕುಂಡ್ರಬ್ಯಾಡ."

ಅರ್ಧ ದಾರಿಯಲ್ಲಿ ಗಾಡಿ ಒಮ್ಮೆ ಜಗ್ಗಿತು, ಮತ್ತೊಮ್ಮೆ ಜಗ್ಗಿ ನಿಂತೇಬಿಟ್ಟಿತು. ಅವನು ಪೆಟ್ರೋಲ್ ರಿಸರ್ವ್‌ಗೆ ತಿರುವಿದ, ಕಿಕ್ ಹೊಡೆದ. ಬೆನ್ನಿಗೆ ಅವ್ವನನ್ನು ಕಟ್ಟಿತ್ತು. ಪ್ರತಿ ಒದೆತಕ್ಕೂ ಅವಳ ತಲೆ ಅವನ ಕುತ್ತಿಗೆಗೆ ಬಡಿಯುತ್ತಿತ್ತು. ಇಳಿಯೋಣವೆಂದರೆ ಭುಜದ ಮೇಲಿನ ಗಂಟು ಕೈಯಿಂದ ಬಿಚ್ಚಲೊಲ್ಲದು. ಕಡೆಗೆ ಹಲ್ಲಿನಿಂದ ಕಚ್ಚಿ ಬಿಡಿಸಿ, ಬೇವಿನ ಮರದ ಕೆಳಗೆ ಅವಳನ್ನು ಮಲಗಿಸಿ, ರಸ್ತೆಯ ನಡುವೆ ಕೈ ಅಗಲಿಸಿ ನಿಂತ. ಎಷ್ಟೋ ಹೊತ್ತಿನ ಮೇಲೆ ಬಂದದ್ದು ಸಿದ್ದಣ್ಣನ ಜೀಪೇ. ಜನರೆಲ್ಲ ತಾವಾಗಿ ಇಳಿದು ಜಾಗ ಬಿಟ್ಟರು. ಅಕ್ಕಲಕೋಟದ ಮನೆಗಳು ಕಾಣತೊಡಗಿದಾಗ ಜನಾಬಾಯಿಯ ಉಸಿರು ನಿಂತಿತು. ಮಗನ ತೊಡೆಯ ಮೇಲೇ ಹೋದಳು. ಮುಂದೆ ಕೂತ ಸಿದ್ದಣ್ಣನಿಗೆ ಅದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಜೀಪು ದವಾಖಾನೆಯವರೆಗೂ ಹಾರ್ನ್ ಹೊಡೆಯುತ್ತಲೇ ಹೋಯಿತು.

ಅವ್ವನ ದಿನಕರ್ಮ ಮುಗಿದ ಮೇಲೆ ಕಾಮಣ್ಣ ತಾನೇ ಗಾಡಿ ತೊಳೆದು ಸರಿಮಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ಚಹಾ ಕೂಡ ಕುಡಿಯದೆ ಹೋದ. ಅಮೋಗಸಿದ್ಧ ಡ್ಯೂಟಿಗೆ ನಡೆದೇ ಹೋಗಿ ಬಸ್ಸು ಹಿಡಿಯತೊಡಗಿದ. ಹೆಂಡತಿಯೊಡನೆಯೂ ಗಾಡಿಯ ಮಾತು ಎತ್ತಲಿಲ್ಲ. ಅವನನ್ನು ತಿನ್ನುತ್ತಿದ್ದದ್ದು ಒಂದೇ: ಆ ಒಂದು ಮಾತನ್ನು ಅಪ್ಪನಿಗೆ ಹೇಳಿದ್ದರೆ ಅವ್ವ ಇರುತ್ತಿದ್ದಳು.

ಮುಂದಿನ ಅಮಾವಾಸ್ಯೆಯ ಸಂಜೆ ಭೀಮಶಾ ಭಂಡಾರದ ಚೀಲ ಹಿಡಿದು ಗಾಡಿಯ ಹತ್ತಿರ ಬಂದ. ಮುಚ್ಚಳಕ್ಕೆ ಕೈ ಹಾಕಲಿಲ್ಲ. ಮಗನ ಕಡೆ ತಿರುಗಿದ.

"ತಮ್ಮಾ, ಒಂದ ಕೇಳ್ತೀನಿ, ಖರೇ ಹೇಳು. ಗಾಡಿ ಯಾಕ ನಿಂತಿತ್ತು?"

ಅಂಗಳದಲ್ಲಿ ಕೂತಿದ್ದ ಅಮೋಗಸಿದ್ಧ ಎದ್ದು ಹತ್ತಿರ ಬಂದ. ಈಗಲಾದರೂ ಹೇಳಿಬಿಡಬೇಕು ಎಂದುಕೊಂಡ. ಅಷ್ಟರಲ್ಲಿ ಮುದುಕನೇ ಮಾತು ಮುಂದುವರಿಸಿದ.

"ಹಿಂದಿನ ಅಮಾಸಿಗಿ ನಾ ಗಡಿಬಿಡಿ ಮಾಡಿದ್ನಿ. ಕುರಿ ಚೆದರಿದ್ವು, ಒಂದ ಚಿಟಿಕಿ ಹಾಕಿ ಓಡಿ ಹೋದ್ನಿ. ಭಂಡಾರ ಕಡಿಮಿ ಆತೇನೋ. ದಿನಾ ರಾತ್ರಿ ಅದೇ ನೆನಪಾಗ್ತದ. ನನ್ನ ಕೈಯಿಂದನ ಆಕಿ ಹೋದಳೇನೋ."

ಆ ಮುಖವನ್ನು ನೋಡುತ್ತ ಅಮೋಗಸಿದ್ಧನ ಕಣ್ಣು ತುಂಬಿ ಬಂದವು. ನಿಜ ಹೇಳಿದರೂ ಈ ಮುದುಕ ತನ್ನ ಕೈಯಿಂದಲೇ ಅವಳು ಹೋದಳೆಂದು ಕೊರಗಿ ಸಾಯುತ್ತಾನೆ ಎಂದು ತಿಳಿಯಿತು.

"ಇಲ್ಲ ಯಪ್ಪಾ," ಎಂದ. "ನೀ ಕಡಿಮಿ ಹಾಕಿರಲಿಲ್ಲ. ಪೆಟ್ರೋಲ್ ಕೆಟ್ಟಿತ್ತು."

ಭೀಮಶಾ ಮಗನನ್ನು ನೋಡಿದ. ನಂಬಿದ. ಮೈಮೇಲಿನ ಭಾರ ಇಳಿದವನಂತೆ ಉಸಿರು ಬಿಟ್ಟು, ಚೀಲದಿಂದ ಮುಷ್ಟಿ ತುಂಬ ಭಂಡಾರ ತೆಗೆದುಕೊಂಡ. ಅಮೋಗಸಿದ್ಧ ತಾನೇ ಮುಚ್ಚಳ ತೆಗೆದು, ಗಾಡಿ ಅಲುಗದಂತೆ ಹಿಡಿದುಕೊಂಡು ನಿಂತ.