ಕೋಗಿಲೆಯ ಮೇಲೆ ಮೂವತ್ತಾರು ಪೈಸೆ

ಗೌರಿ ಹಬ್ಬಕ್ಕೆ ಮೂರು ದಿನ ಇರುವಾಗ ನಮ್ಮ ಬೀದಿಯ ಹೆಂಗಸರು ಒಬ್ಬ ಕಳ್ಳನನ್ನು ಹಿಡಿದರು. ಕಳ್ಳನನ್ನು ಗುರುತಿಸುವುದು ಹೇಗೆ ಅಂತ ಅವರಿಗೆ ಹೇಳಿಕೊಟ್ಟವನು ನಾನು. ಅವನ ಬ್ಯಾಗಿನಲ್ಲಿದ್ದ ಪಾರ್ಸೆಲ್ಲೂ ನನ್ನದೇ.

ಎಲ್ಲಿಂದ ಶುರು ಮಾಡಲಿ? ಗಡಿಯಾರದಿಂದಲೇ ಮಾಡುತ್ತೇನೆ.

ನನ್ನ ಹೆಂಡತಿ ಶಾರದಳ ತಮ್ಮ ನಾಗೇಶ ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿದ್ದಾನೆ. ಮೂರು ವರ್ಷದ ಹಿಂದೆ ಕಂಪನಿಯವರು ಅವನನ್ನು ಟ್ರೇನಿಂಗಿಗೆ ಅಂತ ಒಂದು ತಿಂಗಳು ಜರ್ಮನಿಗೆ ಕಳಿಸಿದ್ದರು. ಬರುವಾಗ ಅಕ್ಕನಿಗೆ ಒಂದು ಕೋಗಿಲೆ ಗಡಿಯಾರ ತಂದ. ಮರದ ಪುಟ್ಟ ಮನೆ, ಅದಕ್ಕೊಂದು ಪುಟ್ಟ ಬಾಗಿಲು. ಗಂಟೆಗೊಮ್ಮೆ ಬಾಗಿಲು ತೆರೆದು ಹೆಬ್ಬೆರಳ ಗಾತ್ರದ ಮರದ ಹಕ್ಕಿ ಹೊರಗೆ ಬರುತ್ತದೆ. ಎಷ್ಟು ಗಂಟೆಯೋ ಅಷ್ಟು ಸಲ ಬಗ್ಗಿ ಬಗ್ಗಿ ಕೂಗಿ ಒಳಗೆ ಹೋಗುತ್ತದೆ. ನಮ್ಮ ಮನೆಗೆ ಬಂದವರು ಕಾಫಿ ಕುಡಿದು ಲೋಟ ಇಟ್ಟ ಮೇಲೂ ಏಳುವುದಿಲ್ಲ. “ಇನ್ ಹತ್ ನಿಮಿಷಕ್ಕೆ ಹಕ್ಕಿ ಬರುತ್ತಲ್ವಾ, ನೋಡ್ಕೊಂಡೇ ಹೋಗ್ತೀನಿ” ಅನ್ನುತ್ತಾರೆ. ಹೀಗೆ ಹಕ್ಕಿಯ ದೆಸೆಯಿಂದ ಖರ್ಚಾದ ಕಾಫಿಪುಡಿಯನ್ನು ನಾನು ಲೆಕ್ಕ ಇಟ್ಟಿಲ್ಲ.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಭಾನುವಾರ ಒಂದೇ ರಜ. ಅವತ್ತು ಹನ್ನೊಂದೂವರೆಗೆ ಊಟ ಮುಗಿಸಿ ಮಲಗುವುದು ನನ್ನ ಪದ್ಧತಿ. ಹಕ್ಕಿಯ ಪದ್ಧತಿ ಹನ್ನೆರಡಕ್ಕೆ ಹನ್ನೆರಡು ಸಲ ಕೂಗುವುದು. ಮೂರು ವರ್ಷ ತಡೆದುಕೊಂಡೆ. ಹೋದ ತಿಂಗಳು ಒಂದು ಭಾನುವಾರ ಮೂರನೇ ಕೂಗಿಗೆ ಎದ್ದೆ. ಆರನೆಯದಕ್ಕೆ ಸ್ಟೂಲ್ ಹತ್ತಿದೆ. ಒಂಬತ್ತನೆಯದಕ್ಕೆ ಹಕ್ಕಿಯನ್ನು ಹಿಡಿದೆ. ಹತ್ತನೆಯದಕ್ಕೆ ಅದರ ತಲೆ ನನ್ನ ಕೈಯಲ್ಲಿತ್ತು.

ಕೂಗು ಮಾತ್ರ ನಿಲ್ಲಲಿಲ್ಲ. ಹನ್ನೊಂದು, ಹನ್ನೆರಡು ಮುಗಿಸಿಯೇ ನಿಂತಿತು. (ಕೂಗುವುದು ಹಕ್ಕಿಯಲ್ಲ, ಒಳಗಿರುವ ಎರಡು ಪುಟ್ಟ ತಿದಿಗಳು ಅಂತ ಆಮೇಲೆ ಗೊತ್ತಾಯಿತು. ಪಾಪ, ಹಕ್ಕಿ ಬರೀ ಬಾಯಿ ಆಡಿಸುತ್ತಿತ್ತು.)

ಹದಿನೈದು ಎಚ್‌ಪಿ ಮೋಟಾರ್ ಬಿಚ್ಚಿ ಕಟ್ಟುವವನಿಗೆ ಒಂದು ಹಕ್ಕಿ ಯಾವ ಲೆಕ್ಕ? ಗಮ್ ಹಾಕಿ ಅಂಟಿಸಿದೆ. ಗಮ್ ಗಟ್ಟಿ, ಬೇಗ ಹಿಡಿಯಿತು. ತಲೆ ಹಿಂದುಮುಂದಾಗಿ ಹಿಡಿಯಿತು. ಅಲ್ಲಿಂದ ಮುಂದೆ ಹಕ್ಕಿ ಗಂಟೆಗೊಮ್ಮೆ ಹೊರಗೆ ಬಂದು, ನಮ್ಮ ಮುಖ ನೋಡದೆ ಗೋಡೆ ನೋಡಿಕೊಂಡು ಕೂಗಿ ಒಳಗೆ ಹೋಗತೊಡಗಿತು. ಸಿಟ್ಟಿಗೆದ್ದ ಸೊಸೆಯ ಹಾಗೆ.

ಶಾರದ ಒಂದೇ ಮಾತು ಹೇಳಿದಳು.

“ಗೌರಿ ಹಬ್ಬಕ್ಕೆ ನಾಗೇಶ ಬಾಗಿನ ತಗೊಂಡ್ ಬರ್ತಾನೆ. ಅಷ್ಟ್ರಲ್ಲಿ ಹಕ್ಕಿ ಮುಂದಕ್ಕೆ ನೋಡ್ತಾ ಇರ್ಬೇಕು. ಇಲ್ಲಾಂದ್ರೆ ಯಾರು ಕತ್ತು ಮುರಿದಿದ್ದು, ಯಾಕ್ ಮುರಿದಿದ್ದು, ಎಲ್ಲಾ ಅವನಿಗೆ ನಾನೇ ಹೇಳ್ತೀನಿ.”

ತವರಿನವರ ಕಾಣಿಕೆಯ ಕತ್ತು ಮುರಿದವನು ಅಂತ ಹೆಂಡತಿಯ ತಮ್ಮನ ಎದುರು ನಿಲ್ಲುವುದಕ್ಕಿಂತ ಜರ್ಮನಿಯಿಂದ ಹಕ್ಕಿ ತರಿಸುವುದು ವಾಸಿ ಅನ್ನಿಸಿತು. ಮೂರು ಸಂಜೆ ಕೂತು ಫೋನಿನಲ್ಲಿ ಹುಡುಕಿದೆ. ಸಿಕ್ಕಿತು. ಬರೀ ಹಕ್ಕಿ, ಗಡಿಯಾರ ಬೇಡ. ನಮ್ಮ ದುಡ್ಡಿನಲ್ಲಿ ಏಳುನೂರ ಎಂಬತ್ತು. ಕಳಿಸುವ ಚಾರ್ಜು ಸಾವಿರದ ನಾನೂರ ಐವತ್ತು. ಹಕ್ಕಿಗಿಂತ ಹಕ್ಕಿಯ ಪ್ರಯಾಣ ಹೆಚ್ಚಾಯಿತು, ಆದರೆ ದೂರ ನೋಡಿ, ಅದೂ ನ್ಯಾಯವೇ. ಎಲ್ಲಾ ಸೇರಿ ಇಷ್ಟೇ ಅಂದುಕೊಂಡು ಒಂದೇ ಬೆರಳಿನಲ್ಲಿ ಕಾರ್ಡ್ ನಂಬರ್ ಒತ್ತಿದೆ.

ಇಲ್ಲಿಗೆ ಹಕ್ಕಿಯ ಕಥೆ ನಿಲ್ಲಿಸಿ ನನ್ನ ಅಂಕಣದ ವಿಷಯಕ್ಕೆ ಬರುತ್ತೇನೆ. ಅದೇ ತಿಂಗಳು ನಾನು ಇದೇ ಜಾಗದಲ್ಲಿ ಪಾರ್ಸೆಲ್ ಮೋಸದ ಬಗ್ಗೆ ಬರೆದಿದ್ದು ನಿಮಗೆ ನೆನಪಿರಬಹುದು. ‘ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ದುಡ್ಡು ಕಟ್ಟಿ ಅಂತ ಯಾರಾದರೂ ಅಂದರೆ ಅವನು ಕಳ್ಳ. ಅವನಿಗೆ ನಿಮ್ಮ ಹೆಸರು ಗೊತ್ತಿರುತ್ತದೆ, ವಿಳಾಸ ಗೊತ್ತಿರುತ್ತದೆ, ಪಾರ್ಸೆಲ್ ನಂಬರ್ರೂ ಗೊತ್ತಿರುತ್ತದೆ. ನಂಬಬೇಡಿ’ ಅಂತ ಬರೆದಿದ್ದೆ. ನನ್ನ ಬರಹಗಳಲ್ಲಿ ಜನ ನಿಜವಾಗಿ ಓದಿದ್ದು ಇದೊಂದನ್ನೇ. ಎದುರುಮನೆಯ ಮುನಿರತ್ನಮ್ಮನವರು ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ಅವರು ಅದನ್ನು ಸಂಘದಲ್ಲಿ ಗಟ್ಟಿಯಾಗಿ ಓದಿಸಿ, ಹದಿನೆಂಟು ಜೆರಾಕ್ಸ್ ಮಾಡಿಸಿ ಹಂಚಿದರು. ಒಂದು ನಮ್ಮ ಮನೆಗೂ ಬಂತು. ನಾನು ಸಂತೋಷವಾಗಿ ಇಸಿದುಕೊಂಡೆ.

ಅದಾದ ಆರನೇ ದಿನ ಒಂದು ಹುಡುಗಿಯ ಫೋನು.

“ಸರ್, ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿದೆ. ಆಧಾರ್ ಕಾಪಿ ಬೇಕಿತ್ತು, ಡ್ಯೂಟಿ ಕಟ್ಟೋದಿದೆ.”

ನಾನು ಫೋನನ್ನು ಸ್ಪೀಕರಿಗೆ ಹಾಕಿದೆ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರೂ ಕಲಿಯಲಿ ಅಂತ.

“ಏನಮ್ಮಾ, ನೀನು ಮಾಡೋ ಕೆಲ್ಸ ನಿಮ್ಮಪ್ಪ ಅಮ್ಮಂಗೆ ಗೊತ್ತಾ?”

“ಗೊತ್ತು ಸರ್. ಅವರೇ ಸೇರ್ಸಿದ್ದು.”

ಇಡೀ ಮನೆಯೇ ಕಳ್ಳರು ಅಂದುಕೊಂಡೆ. ಹತ್ತು ನಿಮಿಷ ಬುದ್ಧಿ ಹೇಳಿದೆ. ಕೊನೆಗೆ ಅವಳು ಮೆತ್ತಗೆ ಕೇಳಿದಳು, “ಸರ್, ಬಿಲ್ಲಲ್ಲಿ ಐಟಮ್ ಬರೀ ಬರ್ಡ್ ಅಂತಿದೆ. ಅದಕ್ಕೆ ಜೀವ ಇದ್ಯಾ?”

ನಾನು ಫೋನಿಟ್ಟೆ. ನಂಬರ್ ಬ್ಲಾಕ್ ಮಾಡಿದೆ. ಗಿರಾಕಿಗಳು ತಲೆದೂಗಿದರು. ಅವರು ಹೋದ ಮೇಲೆ ಯೋಚನೆ ಬಂತು. ಕಳ್ಳರಿಗೆ ನನ್ನ ಹೆಸರು ಗೊತ್ತಿರಬಹುದು. ಹಕ್ಕಿ ವಿಷಯ ಹೇಗೆ ಗೊತ್ತಾಯಿತು?

ಹಕ್ಕಿ ಕಳಿಸಿದವರ ಈಮೇಲ್ ತೆಗೆದು, ಅದರಲ್ಲಿದ್ದ ನಂಬರ್ ಹಾಕಿ ಕೊರಿಯರಿನವರ ಸೈಟ್‌ನಲ್ಲಿ ನೋಡಿದೆ. ಹಕ್ಕಿ ಜರ್ಮನಿ ಬಿಟ್ಟು ಎರಡೇ ದಿನದಲ್ಲಿ ದೇವನಹಳ್ಳಿಗೆ ಬಂದು ಕೂತಿತ್ತು. ನಮ್ಮ ತಾರಸಿ ಮೇಲೆ ನಿಂತರೆ ಅದು ಬಂದ ವಿಮಾನ ಕಾಣುತ್ತಿತ್ತೋ ಏನೋ. ಬೂದಿಗೆರೆ ರಸ್ತೆಯಲ್ಲಿ ನಡೆದುಕೊಂಡು ಬಂದಿದ್ದರೂ ಒಂದು ದಿನಕ್ಕೆ ನಮ್ಮ ಹೊಸಕೋಟೆಗೆ ಬರಬೇಕಿತ್ತು. ಕೆಳಗೆ ಬರೆದಿತ್ತು: ಸುಂಕ ಬಾಕಿ.

ಬ್ಲಾಕ್ ತೆಗೆದು ಆ ಹುಡುಗಿಗೆ ಫೋನ್ ಮಾಡಿದೆ.

“ಸರ್, ಬೆಳಗ್ಗೆ ನೀವು ತುಂಬಾ ಬೈದ್ರಿ.”

“ತಪ್ಪಾಯ್ತಮ್ಮ. ಅದಕ್ಕೆ ಜೀವ ಇಲ್ಲ. ಮರದ್ದು.”

ಸೈಟ್‌ನಲ್ಲೇ ಆಧಾರ್ ಹಾಕಲು ಹೇಳಿದಳು. ಸುಂಕವನ್ನು ಸದ್ಯಕ್ಕೆ ಕೊರಿಯರ್ ಕಂಪನಿಯೇ ಕಟ್ಟುತ್ತದೆ, ಪಾರ್ಸೆಲ್ ತಂದವರ ಕೈಗೆ ನೀವು ಕೊಡಿ ಅಂದಳು. ಎಲ್ಲಾ ಸರಿಹೋಯಿತು. ಈ ವಿಷಯ ಬೀದಿಗೆ ಹೇಳುವುದೊಂದು ಬಾಕಿ ಇತ್ತು. ಹೇಗೆ ಹೇಳಲಿ? ಹದಿನೆಂಟು ಜೆರಾಕ್ಸ್ ಓಡಾಡುತ್ತಿವೆ. ಸುಮ್ಮನಿದ್ದೆ. ಅದೇ ತಪ್ಪಾಗಿದ್ದು.

ಹಬ್ಬಕ್ಕೆ ಮೂರು ದಿನ ಇರುವಾಗ, ಮಧ್ಯಾಹ್ನ ಶಾರದ ಫೋನ್ ಮಾಡಿದಳು. “ರೀ, ಬೇಗ ಬನ್ನಿ. ಹಕ್ಕಿ ತಂದವನು ಕಸ್ಟಮ್ಸ್ ದುಡ್ಡು ಕೇಳ್ದ ಅಂತ ಮುನಿರತ್ನಕ್ಕ ಅವನನ್ನ ಹಿಡ್ದು ಕೂರಿಸಿದಾರೆ. ನಾನು ಹೇಳಿದ್ರೆ ಕೇಳ್ತಾ ಇಲ್ಲ.”

ಹೋಗಿ ನೋಡಿದೆ. ಮುನಿರತ್ನಮ್ಮನವರ ಜಗಲಿಯ ಮೇಲೆ ನಲವತ್ತರ ಒಬ್ಬ ಮನುಷ್ಯ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸುತ್ತ ಏಳೆಂಟು ಹೆಂಗಸರು. ಅವನ ಬೈಕಿನ ಕೀ ಮುನಿರತ್ನಮ್ಮನವರ ಸೊಂಟದಲ್ಲಿ. ಅವನ ಕೈಯಲ್ಲಿ ಕಾಫಿ.

“ಕುಡಿಯಪ್ಪಾ. ಕಳ್ಳನಾದ್ರೂ ಹೊಟ್ಟೆ ಹೊಟ್ಟೆನೇ” ಅನ್ನುತ್ತಿದ್ದರು ಮುನಿರತ್ನಮ್ಮ.

“ಅಕ್ಕಾ, ನಾನು ಮಾಲೂರಿನೋನು. ಎರಡು ಮಕ್ಕಳವೆ. ಕಳ್ಳ ಅಲ್ಲ.”

“ಕಳ್ರಿಗೆ ಮಕ್ಕಳಿರಲ್ವಾ?”

ನಾನು ಗಂಟಲು ಸರಿ ಮಾಡಿಕೊಂಡೆ. “ಅಕ್ಕಾ, ಅವನನ್ನ ಬಿಟ್ಬಿಡಿ. ಪಾರ್ಸೆಲ್ ನನ್ನದೇ. ದುಡ್ಡು ಕೊಡ್ಬೇಕಾಗಿರೋದೂ ನಿಜ.”

ಮುನಿರತ್ನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಉಳಿದವರ ಕಡೆ ತಿರುಗಿ, “ನೋಡ್ರೇ, ಬರೆದೋನ್ನೇ ಯಾಮಾರಿಸ್ಬಿಟ್ಟವನೆ” ಅಂದರು.

“ಇಲ್ಲಾಕ್ಕ, ನಂಬರ್ ನೋಡಿದೀನಿ, ಸರಿಯಾಗಿದೆ.”

“ಏನಪ್ಪಾ ನಾರಾಯಣಪ್ಪ, ಕಳ್ಳನಿಗೆ ನಂಬರ್ರೂ ಗೊತ್ತಿರುತ್ತೆ ಅಂತ ನೀನೇ ಬರ್ದಿದೀಯಲ್ಲಪ್ಪಾ.”

ಬರೆದಿದ್ದೆ. ಡಬ್ಬಿ ಬಿಚ್ಚಿ ತೋರಿಸೋಣ ಅಂದರೆ, ದುಡ್ಡು ಕೊಡುವ ಮುಂಚೆ ಬಿಚ್ಚುವ ಹಾಗಿಲ್ಲ ಅಂದ ಅವನು. ಬಿಚ್ಚುವ ಮುಂಚೆ ದುಡ್ಡು ಕೊಡುವ ಹಾಗಿಲ್ಲ ಅಂದರು ಹೆಂಗಸರು. ನಮ್ಮ ಮನೆಯೊಳಗಿಂದ ಹಳೇ ಹಕ್ಕಿ ಮೂರು ಸಲ ಕೂಗಿತು. ಯಾವ ಕಡೆ ನೋಡಿಕೊಂಡು ಅಂತ ಹೇಳಬೇಕಾಗಿಲ್ಲ.

ಕೊನೆಗೆ ಮುನಿರತ್ನಮ್ಮನವರೇ, “ಸರಿ, ಏನು ಲೆಕ್ಕ ಹೇಳಪ್ಪಾ. ನಾವೂ ಸಂಘದ ಲೆಕ್ಕ ನೋಡೋರೇ” ಅಂದರು.

ಅವನು ಚೀಟಿ ತೆಗೆದ. “ಹಕ್ಕಿ ರೇಟು. ಅದರ ಮೇಲೆ ಡ್ಯೂಟಿ.”

“ಸರಿ.”

“ವಿಮಾನದ ಚಾರ್ಜು. ಅದರ ಮೇಲೂ ಡ್ಯೂಟಿ.”

“ಬಂದಿರೋ ಬಸ್ ಚಾರ್ಜ್ ಮೇಲೂ ಸುಂಕವಾ?”

“ಹೂಂ ಅಕ್ಕ. ಎರಡೂ ಸೇರಿ ಒಂಬೈನೂರ ನಲವತ್ತೇಳು ಚಿಲ್ಲರೆ. ಆ ಡ್ಯೂಟಿನ ಕಂಪನಿಯವ್ರು ಇವ್ರ ಪರವಾಗಿ ಕಟ್ಟಿದಾರೆ. ಹಂಗೆ ಕಟ್ಟಿದ್ದಕ್ಕೆ ಏಳ್ನೂರೈವತ್ತು.”

“ದುಡ್ಡು ಕಟ್ಟಿದ್ದಕ್ಕೆ ದುಡ್ಡಾ?”

“ಆ ಏಳ್ನೂರೈವತ್ತರ ಮೇಲೆ ಜಿಎಸ್‌ಟಿ ನೂರ ಮೂವತ್ತೈದು.”

ನಾನು ಮೂವತ್ತೆಂಟನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನು. ಶೇಕಡಾ ಲೆಕ್ಕದಲ್ಲಿ ಒಂದು ಅಂಕವನ್ನೂ ಬಿಟ್ಟವನಲ್ಲ. ಆದರೆ ಸುಂಕ ಕಟ್ಟಿದ್ದಕ್ಕೆ ಕೂಲಿ, ಕೂಲಿಯ ಮೇಲೆ ಸುಂಕ ಅನ್ನುವ ಲೆಕ್ಕ ನಮ್ಮ ಪುಸ್ತಕದಲ್ಲಿ ಇರಲಿಲ್ಲ.

“ನಾವೂ ಸಂಘದಲ್ಲಿ ಬಡ್ಡಿ ತಗೋತೀವಿ ಕಣಪ್ಪಾ” ಅಂದರು ಮುನಿರತ್ನಮ್ಮ. “ಬಡ್ಡಿ ಕೇಳೋಕೆ ನಡ್ಕೊಂಡು ಬಂದ್ವಿ ಅಂತ ಚಪ್ಪಲಿ ಸವೆದ ದುಡ್ಡು ಕೇಳಲ್ಲ. ಒಟ್ಟೆಷ್ಟು?”

“ಸಾವಿರದ ಎಂಟ್ನೂರ ಮೂವತ್ತೆರಡು ರೂಪಾಯಿ, ಮೂವತ್ತಾರು ಪೈಸೆ.”

“ಎಷ್ಟು ಪೈಸೆ?”

“ಮೂವತ್ತಾರು.”

ಮುನಿರತ್ನಮ್ಮ ಸೊಂಟದಿಂದ ಕೀ ತೆಗೆದು ಅವನ ಕೈಗೆ ಕೊಟ್ಟರು. “ಬಿಡ್ರೇ ಇವನ್ನ. ಕಳ್ಳ ಅಲ್ಲ.”

“ಹೆಂಗ್ ಹೇಳ್ತೀಯಕ್ಕಾ?” ಅಂದಳು ಪಕ್ಕದವಳು.

“ಕಳ್ಳ ಆಗಿದ್ರೆ ಎರಡ್ ಸಾವಿರ ಕೊಡಿ ಅಂತ ರೌಂಡಾಗಿ ಕೇಳಿರೋನು. ಮೂವತ್ತಾರು ಪೈಸೇನೂ ಬಿಡದೆ ಕೇಳೋದು ಗೌರ್ಮೆಂಟೇ.”

ಯೋಚಿಸಿ ನೋಡಿ, ಇದರಲ್ಲಿ ತಪ್ಪೇನಿದೆ? ನನ್ನ ಅಂಗಡಿಯಲ್ಲಿ ಸಾವಿರದ ಇನ್ನೂರ ನಲವತ್ತು ಬಿಲ್ ಆದರೆ ಗಿರಾಕಿ ಸಾವಿರದ ಇನ್ನೂರು ಇಟ್ಟು ಹೋಗುತ್ತಾನೆ. ಆ ನಲವತ್ತು ಕೇಳಿದರೆ ನನಗೇ ನಾಚಿಕೆ. ಸೊಪ್ಪಿನವಳೂ ಬಿಡುತ್ತಾಳೆ, ಆಟೋದವನೂ ಬೈದುಕೊಂಡಾದರೂ ಬಿಡುತ್ತಾನೆ. ಕಳ್ಳನಂತೂ ಚಿಲ್ಲರೆಗೆ ಕೈ ಹಾಕುವವನೇ ಅಲ್ಲ. ಪೈಸೆ ಅನ್ನುವ ಪದಾರ್ಥ ನಮ್ಮ ಜೇಬಿನಿಂದ ಹೋಗಿ ಎಷ್ಟು ವರ್ಷವಾಯಿತು? ಆದರೆ ಸರ್ಕಾರಿ ಬಿಲ್ಲಿನಲ್ಲಿ ಇನ್ನೂ ಆರೋಗ್ಯವಾಗಿದೆ.

ನಾನೂ ಬಿಡಲಿಲ್ಲ. “ಸಾವಿರದ ಎಂಟ್ನೂರು ತಗೊಳಪ್ಪಾ, ಮುಗಿಸಿಬಿಡು” ಅಂದೆ.

“ನಾನು ತಗೋತೀನಿ ಸಾರ್. ಮೆಷಿನ್ ತಗೊಳಲ್ಲ” ಅಂದ.

ಫೋನಿನಲ್ಲೇ ಕಟ್ಟಿದೆ. ಮೂವತ್ತೆರಡರ ಮುಂದೆ ಚುಕ್ಕಿ ಎಲ್ಲಿ ಒತ್ತುವುದು ಅಂತ ಹುಡುಕಲು ಒಂದು ನಿಮಿಷ ಹಿಡಿಯಿತು. ಹೆಂಗಸರು ಕತ್ತು ಚಾಚಿ ನೋಡುತ್ತಿದ್ದರು. ಏಳುನೂರ ಎಂಬತ್ತರ ಹಕ್ಕಿ, ನಮ್ಮ ಮನೆ ಬಾಗಿಲಿಗೆ ಬಂದಾಗ ನಾಲ್ಕು ಸಾವಿರದ ಅರವತ್ತೆರಡು ರೂಪಾಯಿ ಮೂವತ್ತಾರು ಪೈಸೆ ಆಗಿತ್ತು. ಆ ದುಡ್ಡಿಗೆ ನಾಟಿ ಕೋಳಿ ತಂದಿದ್ದರೆ ಇಡೀ ಬೀದಿಗೆ ಸಾರು ಆಗುತ್ತಿತ್ತು, ಕೂಗೂ ಬಿಟ್ಟಿ.

ಡಬ್ಬಿ ಬಿಚ್ಚಿದೆ. ಹಕ್ಕಿ ಚೆನ್ನಾಗಿತ್ತು. ಒಂದೇ ತೊಂದರೆ. ನಮ್ಮದು ಕಂದು ಹಕ್ಕಿ, ಬಂದಿದ್ದು ನೀಲಿ.

ವಾಪಸ್ ಕಳಿಸಲೇ? ಅದಕ್ಕೆ ಎಷ್ಟು ಪೈಸೆ ಆಗುತ್ತದೋ ಅಂತ ಹೆದರಿ ಅದನ್ನೇ ಕೂರಿಸಿದೆ.

ಗೌರಿ ಹಬ್ಬದ ದಿನ ನಾಗೇಶ ಬಾಗಿನದ ಮೊರ ಇಟ್ಟು ಕೂತ. ಹತ್ತು ಗಂಟೆ ಆಯಿತು. ಹಕ್ಕಿ ಹೊರಗೆ ಬಂತು, ಎಲ್ಲರ ಮುಖ ನೋಡಿಕೊಂಡು ಹತ್ತು ಸಲ ಬಗ್ಗಿತು. ನಾನು ಹೋಳಿಗೆಯ ತಟ್ಟೆಯಿಂದ ಕಣ್ಣೆತ್ತಲಿಲ್ಲ.

“ಅಕ್ಕಾ, ಇದು ಮೊದ್ಲು ಕಂದು ಬಣ್ಣ ಇರ್ಲಿಲ್ವಾ?”

“ಹಬ್ಬಕ್ಕೆ ಮನೆಗೆ ಬಣ್ಣ ಹೊಡಿಸಿದ್ವಲ್ಲ, ಅದಕ್ಕೂ ಒಂದ್ ಕೈ ಹೊಡೆದ್ರು” ಅಂದಳು ಶಾರದ, ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತಾ.

ಗೆದ್ದೆ ಅಂದುಕೊಂಡೆ. ಸಂಜೆ ಹಳೇ ಹಕ್ಕಿ ಎಲ್ಲಿ ಅಂತ ಕೇಳಿದೆ. ಬೀರುವಿನಲ್ಲಿ, ಒಡವೆ ಡಬ್ಬಿಯಲ್ಲಿ ಇಟ್ಟಿದ್ದಾಳಂತೆ. “ಇರ್ಲಿ. ಬೇಕಾದಾಗ ನಾಗೇಶನಿಗೆ ತೋರಿಸೋಕಾಗುತ್ತೆ” ಅಂದಳು.

ಮೊನ್ನೆ ಮುನಿರತ್ನಮ್ಮನವರ ಫೋನಿಗೆ ಒಂದು ಮೆಸೇಜ್ ಬಂತು. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಎರಡು ಸಾವಿರ ಕಟ್ಟಿ ಅಂತ. ಫೋನನ್ನು ದೂರ ಹಿಡಿದು ಓದಿದರು. “ಪೈಸೆ ಇಲ್ಲ. ಕಳ್ಳ” ಅಂದು ಅಳಿಸಿದರು. ಈಗ ಬೀದಿಯಲ್ಲಿ ಎಲ್ಲರಿಗೂ ಇದೇ ಕಾನೂನು. ಹಾಗಲ್ಲ ಅಕ್ಕ, ನಾವೇ ತರಿಸಿದ್ದಾ ಅಂತ ಮೊದಲು ನೋಡಬೇಕು, ಆಮೇಲೆ ಕೊರಿಯರಿನವರ ಸೈಟ್‌ನಲ್ಲಿ ನೋಡಬೇಕು ಅಂತ ನಾನು ಹೇಳಿದೆ. ಯಾರು ಕೇಳುತ್ತಾರೆ? ನನ್ನ ಹದಿನೆಂಟು ಜೆರಾಕ್ಸಿನ ಹಿಂದೆ ಈಗ ಸಂಘದ ಹಾಜರಿ ಬರೆಯುತ್ತಿದ್ದಾರೆ.

ಇದನ್ನೆಲ್ಲ ಒಂದೇ ಬೆರಳಿನಲ್ಲಿ ಇಲ್ಲಿಯವರೆಗೆ ಒತ್ತಿದ ಮೇಲೆ ನನಗೊಂದು ದಿಗಿಲು ಹತ್ತಿದೆ. ಈ ಅಂಕಣವನ್ನು ಕಳ್ಳರು ಯಾರಾದರೂ ಓದುತ್ತಿದ್ದರೆ, ದಯವಿಟ್ಟು ಪೈಸೆಯ ಭಾಗ ಬಿಟ್ಟು ಓದಿ.