ನಿಂತರೆ ಕುದಿಯುವ ಕಾರು

ಮಾವನವರು ಬಿಟ್ಟುಹೋದ ಕಾರು ಹಳೇದಾದರೂ ಮರ್ಯಾದೆಯಿಂದ ಓಡುತ್ತಿತ್ತು. ನನ್ನ ಗಂಡನಿಗೆ ಅಷ್ಟು ಸಾಲಲಿಲ್ಲ. ಅದರ ಎಂಜಿನ್ ಕಿತ್ತು, ಈಗಿನ ಕಾಲದ ದೊಡ್ಡ ಎಂಜಿನ್ ಹಾಕಿಸಿದರು. ಜೊತೆಗೆ ಎ.ಸಿ. ಹೊರಗಿನಿಂದ ಮಾತ್ರ ಅದೇ ದುಂಡು ಮೂತಿ, ಅದೇ ಕೆನೆ ಬಣ್ಣ. ಶಂಕರಪುರಂನ ನಮ್ಮ ಬೀದಿಯಲ್ಲಿ ವಾಕಿಂಗ್ ಹೋಗುವವರೆಲ್ಲ ನಿಂತು ನೋಡಿದರು.

ಒಂದೇ ತೊಂದರೆ. ಓಡುತ್ತಿದ್ದರೆ ತಣ್ಣಗಿರುತ್ತಿತ್ತು, ನಿಂತರೆ ಕುದಿಯುತ್ತಿತ್ತು. ಬೆಂಗಳೂರಿನಲ್ಲಿ ಕಾರು ನಿಂತಿರುವುದೇ ಜಾಸ್ತಿ.

ಗಂಡ ರೇಡಿಯೇಟರ್ ಬದಲಾಯಿಸಿದರು. ಕೂಲೆಂಟ್ ಬದಲಾಯಿಸಿದರು. ಬಾನೆಟ್ಟಿಗೆ ಕಿಂಡಿ ಕೊರೆಸಿದರು. ಕೊನೆಗೆ, ಇಂಟರ್ನೆಟ್ಟಿನಲ್ಲಿ ಯಾರೋ ಹೇಳಿದ್ದರಂತೆ, ಎಂಜಿನ್ನಿನ ಬಿಸಿ ಎಳೆಯಲು ಕಾರಿನೊಳಗೆ ಹೀಟರ್ ಹಾಕಿದರು. ಏಪ್ರಿಲ್ ತಿಂಗಳು, ಮಲ್ಲೇಶ್ವರಂನಲ್ಲಿ ಮದುವೆ. ಎ.ಸಿ. ಇರುವ ಕಾರಿನಲ್ಲಿ, ರೇಷ್ಮೆ ಸೀರೆ ಉಟ್ಟು, ನಾನೂ ಅತ್ತೆಯೂ ಹದವಾಗಿ ಬೆಂದೆವು.

“ಕಾಲ ಹತ್ರ ಒಲೆ ಏನಾದ್ರೂ ಇಟ್ಟಿದೀಯೇನೋ?” ಅಂತ ಅತ್ತೆ ಮಗನನ್ನು ಕೇಳಿದರು.

“ಸ್ವಲ್ಪ ತಡ್ಕೋಮ್ಮಾ, ಮೀಟರ್ ಮುಳ್ಳು ಇಳೀತಿದೆ.”

“ನನ್ನ ಬಿ.ಪಿ. ಏರ್ತಿದೆ.”

ಆಯುಧ ಪೂಜೆಯ ದಿನ ಗಂಡ ಎಂಜಿನ್ ಆರಿಸದೆ, ಮೀಟರನ್ನೇ ನೋಡುತ್ತ ಒಳಗೆ ಕೂತಿದ್ದರು. ಅತ್ತೆ ಕಾರಿನ ಮೂತಿಯ ಮುಂದೆ ನಿಂತು ಆರತಿ ಎತ್ತಿದರು. ಕರ್ಪೂರ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು.

“ಏನೋ ಇದು, ನಿನ್ನ ಕಾರು ನನ್ನ ಮುಖಕ್ಕೇ ಊದ್ತಿದೆ! ಆರ್ಸೋ ಮೊದ್ಲು.”

ನಾನು ಕಾರಿನ ಮೂತಿಗೆ ಕೈ ಒಡ್ಡಿ ನೋಡಿದೆ. ಹೌದು, ಬಿಸಿಗಾಳಿ ಹೊರಗೆ ಬರುತ್ತಿತ್ತು.

“ರೀ, ರೇಡಿಯೇಟರ್ ಫ್ಯಾನು ಗಾಳೀನ ಒಳಗೆ ಎಳೀಬೇಕಲ್ವಾ?”

ಅವರು ಇಳಿದು ಬಂದರು. ತಾವೂ ಕೈ ಒಡ್ಡಿದರು. ಎಂಜಿನ್ ಆರಿಸಿ, ಬಾನೆಟ್ ಎತ್ತಿ ನೋಡಿದರು. ಹೊಸ ಎಂಜಿನ್ ಕೂರಿಸಿದಾಗಲೇ ಫ್ಯಾನಿನ ಎರಡು ವೈರುಗಳು ಅದಲುಬದಲಾಗಿದ್ದವು. ಅಷ್ಟು ದಿನವೂ ಅದು ಮುಂದಿನಿಂದ ಬರುವ ಗಾಳಿಯ ಜೊತೆ ಜಗಳವಾಡುತ್ತಿತ್ತು; ಓಡುವಾಗ ಗಾಳಿ ಗೆಲ್ಲುತ್ತಿತ್ತು, ನಿಂತಾಗ ಫ್ಯಾನು ಎಂಜಿನ್ನಿನ ಬಿಸಿಯನ್ನೇ ರೇಡಿಯೇಟರಿಗೆ ಊದುತ್ತಿತ್ತು. ವೈರು ತಿರುಗಿಸಿ ಹಾಕಿ, ಮತ್ತೆ ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಅತ್ತೆ ಹೊಸ ಕರ್ಪೂರ ಹಚ್ಚಿದರು. ಜ್ವಾಲೆ ಕಾರಿನ ಕಡೆಗೆ ಬಾಗಿತು, ಆರಲಿಲ್ಲ.

ಸಂಜೆ ವಿಶ್ವೇಶ್ವರಪುರಂ ಕಡೆ ಹೋದೆವು. ತಿಂಡಿ ಬೀದಿಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಮುಳ್ಳು ಅಲ್ಲಾಡಲಿಲ್ಲ. ಗಂಡ ಗೆಳೆಯನಿಗೆ ಫೋನ್ ಮಾಡಿ, “ಫ್ಯಾನ್ ಮೇಲೆ ನಂಗೆ ಮೊದ್ಲಿಂದಾನೂ ಡೌಟಿತ್ತು ಗುರು” ಅನ್ನುತ್ತಿದ್ದರು.

ಹಿಂದಿನ ಸೀಟಿನಲ್ಲಿ ಅತ್ತೆ ಸೆರಗು ಹೊದ್ದುಕೊಂಡು, “ಚಳಿ ಕಣೋ, ಆ ಎ.ಸಿ. ಆರ್ಸು” ಅಂದರು.