ಕೆಸರಕ್ಕನ ಹೊಂಡ ದಾಟಿದ ಜಗತ್ತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎರಡು ಬದಿಗೂ ಬಣ್ಣದ ಪಟ್ಟಿ ಕಟ್ಟಿದ ಓಟದ ಹಾದಿಯ ನಡುವೆ, ಉಟ್ಟ ಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿ ಬಿಗಿದುಕೊಂಡ ಹೆಂಗಸೊಬ್ಬರು ಕೆಸರಿನ ಹೊಂಡಕ್ಕೆ ಇಳಿಯುತ್ತಾರೆ. ಬಲಗಾಲನ್ನು ಊರುತ್ತಾರೆ, ಎತ್ತುತ್ತಾರೆ. ಕಾಲು ಮೇಲೆ ಬರುತ್ತದೆ, ಆದರೆ ಸುಲಭಕ್ಕೆ ಬರುವುದಿಲ್ಲ. ಒಳಗೆ ಯಾರೋ ಕುಳಿತು ಹಿಮ್ಮಡಿ ಹಿಡಿದು ಜಗ್ಗಿದ ಹಾಗೆ ತಡೆದು ತಡೆದು ಬರುತ್ತದೆ.

“ಬಿಡ್ತಾ ಇಲ್ಲ ಕಣೇ. ಇನ್ನೂ ಹಿಡ್ಕೊಳ್ತಾನೇ ಇದೆ.”

ದಂಡೆಯ ಮೇಲೆ ಗುದ್ದಲಿಗೆ ಒರಗಿ ನಿಂತ ನಾದಿನಿ ಆಕಳಿಸುತ್ತಾಳೆ. “ನಿಮ್ಮ ಕೈಗುಣ ಅತ್ತಿಗೆ. ನೀವು ಹಿಡಿದಿದ್ದನ್ನ ಯಾವತ್ತಾದ್ರೂ ಬಿಟ್ಟಿದ್ದೀರಾ?”

ಬೇರೆ ದಿನವಾಗಿದ್ದರೆ ಅತ್ತಿಗೆ ಒಂದು ಮುದ್ದೆ ಮಣ್ಣು ತೆಗೆದು ನಾದಿನಿಯ ಬೆನ್ನಿಗೆ ಬೀಸುತ್ತಿದ್ದರು. ಇವತ್ತು ಎಡಗಾಲನ್ನೂ ಊರಿ ಎತ್ತಿ ನೋಡುತ್ತಾರೆ. ಇನ್ನು ಕೆಲವೇ ಗಂಟೆಗಳಲ್ಲಿ ಇದೇ ಮೈದಾನದಲ್ಲಿ ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ಓಟದ ಚಾಂಪಿಯನ್‌ಷಿಪ್ ಶುರುವಾಗುತ್ತದೆ. ನಲವತ್ತಕ್ಕೂ ಹೆಚ್ಚು ದೇಶಗಳ ಓಟಗಾರರು ಬಂದಿಳಿದಿದ್ದಾರೆ. ಇದು ನುಣ್ಣನೆಯ ಟ್ರ್ಯಾಕಿನ ಓಟವಲ್ಲ. ಹುಲ್ಲು, ದಿಣ್ಣೆ, ಅಡ್ಡ ಮಲಗಿಸಿದ ಮರದ ದಿಮ್ಮಿ, ಎಲ್ಲವನ್ನೂ ದಾಟಿ ಓಡಬೇಕು. ಪ್ರತಿ ಸುತ್ತಿನಲ್ಲೂ ಒಮ್ಮೆ ಈ ಕೆಸರಿನ ಹೊಂಡಕ್ಕೆ ಇಳಿದು ಏಳಲೇಬೇಕು. ಆ ಹೊಂಡವನ್ನು ಹದ ಮಾಡಿದವರು ಊರಾಚೆಯ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿಯುವ ಈ ಹೆಂಗಸು. ಇಲ್ಲಿ ಬಾವುಟ ಹಿಡಿಯಲು ಬಂದ ಸ್ವಯಂಸೇವಕರು ವಾರದೊಳಗೆ ಅವರಿಗೆ ಕೆಸರಕ್ಕ ಎಂದು ಹೆಸರಿಟ್ಟಿದ್ದಾರೆ. ಅವರಿಗೂ ಅದು ಹಿಡಿಸಿದೆ.

ಆದರೆ ನಿನ್ನೆ ಸಂಜೆ ಪರೀಕ್ಷೆಗೆಂದು ಓಡಿದ ಹುಡುಗರಲ್ಲಿ ಇಬ್ಬರು ಒಂದೊಂದು ಬೂಟನ್ನು ಹೊಂಡದಲ್ಲೇ ಬಿಟ್ಟು ಕುಂಟುತ್ತಾ ಮೇಲೆ ಬಂದಿದ್ದಾರೆ. ಹಾದಿಯ ಉಸ್ತುವಾರಿ ನೋಡುವ ಅಧಿಕಾರಿ, ಕೊರಳಲ್ಲಿ ಸದಾ ಸೀಟಿ ನೇತುಹಾಕಿಕೊಂಡಿರುವ ಕಾರಣ ಎಲ್ಲರಿಗೂ ಸೀಟಿ ಸಾಹೇಬರು, ಮೃದುವಾಗಿಯೇ ಹೇಳಿ ಹೋಗಿದ್ದಾರೆ: “ಕೆಸರು ಓಟಗಾರರನ್ನ ನಿಧಾನ ಮಾಡ್ಬೇಕಮ್ಮ, ಬರಿಗಾಲಲ್ಲಿ ಮನೆಗೆ ಕಳಿಸ್ಬಾರ್ದು. ಬೆಳಗ್ಗೆ ಸರಿಹೋಗ್ದೇ ಇದ್ರೆ ಮರಳು ಸುರಿದು ಮುಚ್ಚಿಬಿಡೋಣ. ಬೇಜಾರು ಮಾಡ್ಕೋಬೇಡಿ.”

ಮುಚ್ಚಲು ಬೇಕಾದ ಮರಳು ಹೇರಿಕೊಂಡ ಟ್ರ್ಯಾಕ್ಟರ್ ಆಗಲೇ ದಿಣ್ಣೆಯ ಪಕ್ಕ ಬಂದು ನಿಂತಿದೆ. ಕೆಸರಕ್ಕ ಅತ್ತ ನೋಡುವುದೇ ಇಲ್ಲ.

ತಪ್ಪು ಆದದ್ದಾದರೂ ಹೇಗೆ? ಕೆಲಸದಲ್ಲಿ ಉದಾಸೀನ ಮಾಡಿ ಆದ ತಪ್ಪಲ್ಲ, ಅತಿಯಾಗಿ ಮನಸ್ಸಿಟ್ಟು ಮಾಡಿ ಆದದ್ದು. ಮಣ್ಣು ಕೊಳ್ಳಲು ಗೂಡಿಗೆ ಬಂದ ಸೀಟಿ ಸಾಹೇಬರು ಅಲ್ಲಿ ಹೆಂಗಸರು ಸಾಲಾಗಿ ನಿಂತು ಮಣ್ಣು ತುಳಿಯುವುದನ್ನು ಕಂಡು, “ನಮಗೂ ಒಂದು ಒಳ್ಳೆ ಕೆಸರು ಮಾಡ್ಕೊಡ್ತೀರಾ?” ಎಂದು ಕೇಳಿದ್ದರು.

“ಒಳ್ಳೆ ಕೆಸರು ಅಂದ್ರು ನೋಡಿ,” ಎಂದು ಸುದ್ದಿ ಬರೆಯಲು ಬಂದ ಪತ್ರಿಕೆಯವರಿಗೆ ಹೇಳುತ್ತಾರೆ ಕೆಸರಕ್ಕ. “ನನಗೆ ಗೊತ್ತಿರೋ ಒಳ್ಳೆ ಕೆಸರು ಒಂದೇ. ಕಲ್ಲು ಆರಿಸಿದೆ, ಬೇರು ಕಿತ್ತೆ, ರಾತ್ರಿಯೆಲ್ಲ ನೆನೆಹಾಕಿದೆ, ಒಂದು ಗಂಟೂ ಉಳೀದ ಹಾಗೆ ತುಳಿದೆ. ಬೆಣ್ಣೆ ಆಗಿತ್ತು. ಅದರಲ್ಲಿ ಇಟ್ಟಿಗೆ ಮಾಡಿದ್ರೆ ಒಂದೂ ಬಿರುಕು ಬಿಡ್ತಿರ್ಲಿಲ್ಲ. ಓಡೋರಿಗೆ ಇಟ್ಟಿಗೆ ಬೇಡ ಅನ್ನೋದು ನನ್ನ ತಲೆಗೇ ಹೋಗ್ಲಿಲ್ಲ!”

ಮದುವೆಯಾಗಿ ಬಂದ ವರ್ಷವೇ ಅವರು ಗೂಡಿಗೆ ಕಾಲಿಟ್ಟವರು. ತುಳಿಯುವುದನ್ನು ಕಲಿಸಿದವರು ಅತ್ತೆ. ಅತ್ತೆಯ ಮೊಣಕಾಲು ಕೆಟ್ಟು ಮೂಲೆ ಹಿಡಿದ ಮೇಲೆ ಆ ಜಾಗಕ್ಕೆ ಸೊಸೆ ನಿಂತರು. ಗಂಡ ಅಚ್ಚು ಹಾಕುತ್ತಾರೆ, ನಾದಿನಿ ನೀರು ಹೊರುತ್ತಾಳೆ. ಮೂವರು ಸೇರಿ ದಿನಕ್ಕೆ ಸಾವಿರದಷ್ಟು ಇಟ್ಟಿಗೆ ಎಬ್ಬಿಸುತ್ತಾರೆ. ಚಳಿಗಾಲದಲ್ಲಿ ಹಿಮ್ಮಡಿ ಒಡೆದು ರಕ್ತ ಬರುತ್ತದೆ. ಉಗುರಿನ ಸಂದಿಯ ಮಣ್ಣು ಹೋಗುವುದೇ ಇಲ್ಲ. ಮಳೆ ಹಿಡಿದರೆ ಒಣಗಲು ಇಟ್ಟ ಸಾಲೆಲ್ಲ ಕರಗಿ, ಆ ದಿನದ ದುಡಿಮೆ ಕಣ್ಣೆದುರೇ ಹರಿದುಹೋಗುತ್ತದೆ.

“ಅದೂ ಹೋಗ್ಲಿ ಬಿಡಿ, ಅಭ್ಯಾಸ ಆಗಿದೆ. ಆದ್ರೆ ಒಂದು ವಿಷ್ಯ. ನಾವು ಮಾಡಿದ ಇಟ್ಟಿಗೆ ಯಾರದೋ ಗೋಡೆಗೆ ಹೋಗುತ್ತೆ, ಮೇಲೆ ಗಾರೆ ಮೆತ್ತುತ್ತಾರೆ, ಬಣ್ಣ ಹೊಡೀತಾರೆ. ಆಮೇಲೆ ನಮ್ಮದು ಯಾವುದು ಅಂತ ನಮಗೂ ಗೊತ್ತಾಗಲ್ಲ. ಇದು ಹಾಗಲ್ಲ. ನಾನು ತುಳಿದಿದ್ದನ್ನ ಎಲ್ಲರೂ ನೋಡ್ತಾರೆ ಅಂತ ಗೂಡಿಗೆಲ್ಲ ಡಂಗುರ ಹೊಡೆದಿದ್ದೀನಿ. ಅತ್ತೇನೂ ಬರ್ತಾ ಇದ್ದಾರೆ. ಅವರು ಬರೋ ಹೊತ್ತಿಗೆ ಇಲ್ಲಿ ಮರಳಿನ ಗುಡ್ಡೆ ಇದ್ರೆ ಏನಂತ ತೋರಿಸ್ಲಿ?”

ನಾದಿನಿಗೂ ಈಗ ನಗು ನಿಂತಿದೆ. ತಾನೂ ನೋಡುತ್ತೇನೆಂದು ಚಪ್ಪಲಿ ಸಮೇತ ಹೊಂಡಕ್ಕೆ ಒಂದು ಹೆಜ್ಜೆ ಇಡುತ್ತಾಳೆ. ಕಾಲು ಬರುತ್ತದೆ, ಚಪ್ಪಲಿ ಬರುವುದಿಲ್ಲ. ಮೊಣಕೈವರೆಗೆ ಕೈ ಹಾಕಿ ಅದನ್ನು ಕೀಳುತ್ತಾ ಗೊಣಗುತ್ತಾಳೆ: “ಅಚ್ಚಿಗೆ ಮರಳು ಉದುರಿಸದೇನೇ ಮಣ್ಣು ತುಂಬಿದ ಹಾಗಾಯ್ತು ನೋಡಿ ಅತ್ತಿಗೆ. ಏನ್ ಬಡಿದ್ರೂ ಬಿಡಲ್ಲ.”

ಕೆಸರಕ್ಕ ಅಲ್ಲಾಡದೆ ನಿಂತುಬಿಡುತ್ತಾರೆ. ಇಟ್ಟಿಗೆಯ ಮರದ ಅಚ್ಚಿಗೆ ಮಣ್ಣು ತುಂಬುವ ಮೊದಲು ಒಳಗೆಲ್ಲ ಮರಳು ಉದುರಿಸುತ್ತಾರೆ. ಆಗಲೇ ಹಸಿ ಇಟ್ಟಿಗೆ ಅಂಟದೆ ಜಾರಿ ಕೆಳಗಿಳಿಯುವುದು. ಇಷ್ಟು ವರ್ಷ ಗಂಡ ಪಕ್ಕದಲ್ಲೇ ಮಾಡುತ್ತಿರುವ ಕೆಲಸ. ಅವರು ಮೊದಲ ಬಾರಿಗೆ ಟ್ರ್ಯಾಕ್ಟರ್ ಕಡೆ ತಿರುಗಿ ನೋಡುತ್ತಾರೆ, ಮರುಕ್ಷಣ ಕೆಸರುಗಾಲಲ್ಲೇ ಓಡುತ್ತಾರೆ.

“ಸಾಹೇಬ್ರೇ! ಆ ಮರಳು ಮುಚ್ಚೋಕೆ ಬೇಡ. ಬೆರೆಸೋಕೆ ಕೊಡಿ!”

ಸೀಟಿ ಸಾಹೇಬರು ಒಂದು ಕಾಲದಲ್ಲಿ ತಾವೂ ಇಂಥ ಓಟ ಓಡಿದವರು. ಕೈಗಡಿಯಾರ ನೋಡುತ್ತಾರೆ, ಹೊಂಡ ನೋಡುತ್ತಾರೆ. “ಬೆರೆಸೋದಾದ್ರೆ ಎಲ್ಲಾ ಕಡೆ ಒಂದೇ ಸಮ ಇರ್ಬೇಕಮ್ಮ. ಒಂದು ಕಡೆ ಜಾರಿ ಇನ್ನೊಂದು ಕಡೆ ಹಿಡಿದ್ರೆ ಮೊಣಕಾಲೇ ಹೋಗುತ್ತೆ. ಇಷ್ಟು ಹೊತ್ತಲ್ಲಿ ಇಬ್ಬರ ಕೈಲಾಗುತ್ತಾ?”

“ಇಬ್ಬರ ಕೈಲಿ ಆಗಲ್ಲ. ಕಾಲು ಬೇಕು. ಬೇಜಾನ್ ಕಾಲು ಬೇಕು!”

ಸೀಟಿ ಮೊಳಗುತ್ತದೆ. ಬಾವುಟದವರು, ನೀರಿನ ಮೇಜಿನವರು, ಹಗ್ಗ ಕಟ್ಟುವವರು ಓಡಿ ಬರುತ್ತಾರೆ. ಇಸ್ತ್ರಿ ಮಾಡಿದ ಪ್ಯಾಂಟುಗಳು ಮೊಣಕಾಲಿಗೆ ಮಡಚಿಕೊಳ್ಳುತ್ತವೆ. ಯಾವುದೋ ದೇಶದ ತರಬೇತುದಾರರೊಬ್ಬರು ಹೊಂಡ ನೋಡಿಕೊಂಡು ಹೋಗಲು ಬಂದವರು, ಏನು ನಡೆಯುತ್ತಿದೆ ಎಂದು ಅರ್ಥವಾಯಿತೋ ಇಲ್ಲವೋ, ತಮ್ಮ ಬೂಟು ಬಿಚ್ಚಿಟ್ಟು ಸಾಲಿಗೆ ಸೇರಿಕೊಳ್ಳುತ್ತಾರೆ. ಗೂಡಿನಲ್ಲಿ ಮಾಡುವಂತೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಡಬೇಕು. ಮುಂದೆ ಕೆಸರಕ್ಕ, ಹಿಂದೆ ಉಳಿದವರು. ನಾದಿನಿ ಬಾಣಲೆಯಲ್ಲಿ ಮರಳು ತಂದು ಎರಚುತ್ತಾಳೆ.

“ಹಿಮ್ಮಡಿ ಮೊದ್ಲು! ಏ ಎತ್ತರದಪ್ಪ, ಡ್ಯಾನ್ಸ್ ಮಾಡ್ಬೇಡ, ತುಳಿ! ಬಾವುಟದಮ್ಮ, ಆ ಮೂಲೆ ಯಾರ ಪಾಲಿಗೆ ಬಿಟ್ಟೆ?”

“ಅತ್ತಿಗೆ, ನಿಮ್ಮ ಹಿಂದೆ ಇರೋರು ಫಾರಿನ್ನಿನೋರು, ಸ್ವಲ್ಪ ಮರ್ಯಾದೆ!”

“ಮಣ್ಣಿಗೆ ಇಳಿದ ಮೇಲೆ ಎಲ್ಲಾರೂ ಒಂದೇ. ಅವರಿಗೂ ಹೇಳು, ಹಿಮ್ಮಡಿ!”

ಬಿಸಿಲು ಏರುತ್ತದೆ. ತುಳಿತದ ಪಚಪಚ ಸದ್ದು ನಿಧಾನಕ್ಕೆ ಬದಲಾಗುತ್ತದೆ. ಮೊದಲು ಗಂಟಲು ಕಟ್ಟಿದ ಹಾಗಿದ್ದದ್ದು ಸಲೀಸಾಗುತ್ತದೆ. ಕೆಸರಕ್ಕ ಎಲ್ಲರನ್ನೂ ಮೇಲೆ ಹತ್ತಿಸಿ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಸೀಟಿ ಸಾಹೇಬರು ಅಡಿಯಲ್ಲಿ ಮೊಳೆಯಿರುವ ಓಟದ ಬೂಟು ಹಾಕಿಕೊಂಡು ದೂರದಿಂದ ಓಡಿ ಬರುತ್ತಾರೆ. ವಯಸ್ಸಾಗಿದೆ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಆದರೂ ಓಟ ಓಟವೇ. ಹೊಂಡಕ್ಕೆ ಬೀಳುತ್ತಾರೆ, ವೇಗ ಅರ್ಧಕ್ಕೆ ಇಳಿಯುತ್ತದೆ, ಏದುಸಿರು ಬಿಡುತ್ತಾ ಆಚೆ ದಂಡೆ ಹತ್ತುತ್ತಾರೆ. ಎಲ್ಲರ ಕಣ್ಣೂ ಅವರ ಪಾದದ ಮೇಲೆ.

ಎರಡೂ ಬೂಟು ಇವೆ!

ಅವರು ಸೀಟಿಯನ್ನು ಬಾಯಿಗಿಟ್ಟು ಕೆನ್ನೆ ಕೆಂಪಾಗುವಷ್ಟು ಜೋರಾಗಿ ಊದುತ್ತಾರೆ. ಅರ್ಧ ಖಾಲಿಯಾದ ಮರಳಿನ ಟ್ರ್ಯಾಕ್ಟರ್ ಹಿಂದಕ್ಕೆ ಹೊರಡುತ್ತದೆ.

ಮೊದಲ ಓಟ ಇಪ್ಪತ್ತರೊಳಗಿನ ಹುಡುಗಿಯರದು. ದಿಣ್ಣೆಯ ಮೇಲೆ ಬಣ್ಣಬಣ್ಣದ ಅಂಗಿಗಳು ಕಾಣಿಸಿದೊಡನೆ ನೆಲವೇ ಗುಡುಗಿದಂತಾಗುತ್ತದೆ. ಜನ ಹಗ್ಗದ ಮೇಲೆ ಬಾಗಿ ಕೂಗುತ್ತಾರೆ. ಇಡೀ ಮೈದಾನ ಓಟಗಾರ್ತಿಯರ ಮುಖ ನೋಡುತ್ತಿದ್ದರೆ, ಕೆಸರಕ್ಕ ಮತ್ತು ನಾದಿನಿ ಮಾತ್ರ ಬಗ್ಗಿ ಕಾಲು ನೋಡುತ್ತಾರೆ.

“ಇದೆ! ಇದೆ! ಇವಳದ್ದೂ ಇದೆ! ಅಯ್ಯೋ ಬಿದ್ದಳು... ಎದ್ದಳು! ಬೂಟು ಇದೆ ಅತ್ತಿಗೆ!”

ಅಷ್ಟರಲ್ಲಿ ಗೂಡಿನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕುರ್ಚಿ ಹಾಕಿಸಿಕೊಂಡು, ಮಗ ಪಕ್ಕದಲ್ಲಿ ಹಿಡಿದು ನಿಂತಿರಲು ಅತ್ತೆ ಬರುತ್ತಾರೆ. ಹೊಂಡ ಕಂಡದ್ದೇ ತಡ, “ಮರಳು ಬೆರೆಸಿದ್ದೀಯ?” ಎಂದು ಸೊಸೆಯನ್ನು ಗದರುತ್ತಾರೆ. ಅಭ್ಯಾಸದ ಮಾತು.

“ಇದು ಇಟ್ಟಿಗೆಗಲ್ಲ ಅತ್ತೆ, ಓಟಕ್ಕೆ.”

ಹೆಂಗಸರ ಓಟದ ಕೊನೆಯ ಸುತ್ತಿನಲ್ಲಿ ಇಬ್ಬರು ಭುಜಕ್ಕೆ ಭುಜ ತಾಗಿಸಿಕೊಂಡು ಹೊಂಡಕ್ಕೆ ಧುಮುಕುತ್ತಾರೆ. ಒಬ್ಬರು ಎತ್ತರ, ಇನ್ನೊಬ್ಬರು ಗಿಡ್ಡ. ಕೆಸರು ಆಳೆತ್ತರ ಚಿಮ್ಮುತ್ತದೆ. ಅತ್ತೆ ಕುರ್ಚಿಯಿಂದ ಅರ್ಧ ಎದ್ದು, ಆ ಗಿಡ್ಡ ಹುಡುಗಿಗೆ ತಮ್ಮ ಮಾತು ಅರ್ಥವಾಗುವುದಿಲ್ಲ ಎಂಬುದನ್ನೂ ಮರೆತು ಕಿರುಚುತ್ತಾರೆ: “ಹಿಮ್ಮಡಿ ಊರ್ಬೇಡ ಮಗಳೇ! ತುಳಿಯೋಕಲ್ಲ ನೀನು ಬಂದಿರೋದು! ಬೆರಳೂರು, ಬೆರಳೂರಿ ಹಾರು!”

ಕೇಳಿಸಿತೋ ಇಲ್ಲವೋ, ಗಿಡ್ಡ ಹುಡುಗಿ ಬೆರಳೂರಿ ಹಾರುತ್ತಾಳೆ. ಒಂದು ಹೆಜ್ಜೆ ಮುಂದೆ ದಂಡೆ ಹತ್ತುತ್ತಾಳೆ. ಆ ಒಂದು ಹೆಜ್ಜೆಯನ್ನು ಕೊನೆಯ ಗೆರೆಯವರೆಗೂ ಬಿಟ್ಟುಕೊಡುವುದಿಲ್ಲ.

ಸಂಜೆ ಪದಕ ಕೊಡುವ ಕಟ್ಟೆಯ ಮೇಲೆ ಆ ಹುಡುಗಿ ನಿಂತಿದ್ದಾಳೆ. ಕೊರಳಲ್ಲಿ ಚಿನ್ನ, ತೊಡೆಯವರೆಗೂ ಒಣಗಿ ಬಿಳಿಚಿದ ಮಣ್ಣು. ಯಾರೋ ಒದ್ದೆ ಬಟ್ಟೆ ತಂದು ಕಾಲು ಒರೆಸಿಕೊಳ್ಳಲು ಕೊಡುತ್ತಾರೆ. ದೂರದಲ್ಲಿ ನಿಂತ ಕೆಸರಕ್ಕ ತಮಗೇ ಗೊತ್ತಿಲ್ಲದೆ, “ಬೇಡ, ಬೇಡ,” ಎಂದು ಕೈಯಾಡಿಸುತ್ತಾರೆ. ಹುಡುಗಿ ನಗುತ್ತಾ ಬಟ್ಟೆಯನ್ನು ಹಾಗೆಯೇ ಹಿಂದಿರುಗಿಸುತ್ತಾಳೆ.

ನಾಳೆ ಬೆಳಗ್ಗೆ ಗೂಡಿನಲ್ಲಿ ಹೊಸ ಮಣ್ಣು ನೆನೆದು ಕಾಯುತ್ತಿರುತ್ತದೆ. ಅದಕ್ಕೂ ಮೊದಲು ಪತ್ರಿಕೆಗಾಗಿ ಒಂದು ಫೋಟೋ ಬೇಕು ಎಂದರೆ ಕೆಸರಕ್ಕ ನಾಚಿ ನಾದಿನಿಯ ಹಿಂದೆ ಸರಿಯುತ್ತಾರೆ.

“ನನ್ನದು ಯಾಕೆ? ಆ ಮಗೂದೇ ಹಾಕಿ, ಚೆನ್ನಾಗಿದ್ದಾಳೆ. ಆದ್ರೆ ಒಂದು ಮಾತು ನಡೆಸಿಕೊಡಿ,” ಎನ್ನುತ್ತಾರೆ. “ಮುಖ, ಪದಕ ಅಂತ ಸೊಂಟದವರೆಗೆ ಕತ್ತರಿಸಿಬಿಡ್ಬೇಡಿ. ಕಾಲೂ ಬರ್ಲಿ.”